ಎಳೆಯ ತಾಯಂದಿರೂ ಸಂತಾನ ನಿಯಮನವೂ

ಸಂತಾನ ನಿಯಮನದ ಮಾತೆತ್ತಿದೊಡನೆ ವಿದ್ಯಾವಂತರಾದ ನಾವು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ನೆನೆಯುವುದುಂಟು: ಒಂದು ದೇಶದ ಜನಸಂಖ್ಯೆ, ಇನ್ನೊಂದು ಗ್ರಾಮವಾಸಿಗಳ ಅಜ್ಞಾನ. ಜನ ಹೆಚ್ಚುತ್ತಿದ್ದಾರೆ, ಅವರಿಗೆ ತಿಳಿವಳಿಕೆ ಸಾಲದು, ತಿಳಿವಳಿಕೆಯನ್ನು ಕೊಟ್ಟರೆ ಎಲ್ಲವೂ ಸರಿಹೋಗುವುದು ಎಂಬಲ್ಲಿಗೆ ನಮ್ಮ ವಿಚಾರ ಮುಗಿದುಹೋಗುತ್ತದೆ. ಇವುಗಳಲ್ಲಿ ಮೊದಲನೆಯ ಮಾತು ಕರ್ಣಾಟಕದ ಮಟ್ಟಿಗೆ ಹಳೆಯದಾಯಿತು. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ೧.೭ ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದ ೨.೧ಕ್ಕಿಂತ ಇದು ಕಡಮೆ. ಎರಡನೆಯ ಮಾತೂ ಅರ್ಧ ಸತ್ಯವೇ. ಹಳ್ಳಿಯ ಹೆಣ್ಣುಮಕ್ಕಳಲ್ಲಿ ಬಹುಮಂದಿ ಸಾಧನಗಳ ಹೆಸರನ್ನು ಕೇಳಿಯೇ ಇದ್ದಾರೆ. ಕೇಳಿದ್ದನ್ನು ಬೇಕಾದ ಹೊತ್ತಿನಲ್ಲಿ ಬಳಸುವ ಅಧಿಕಾರ ಅವರಿಗೆ ಉಂಟೇ ಎಂಬುದು ಬೇರೆಯ ಪ್ರಶ್ನೆ. ಈ ದಿನ ಶ್ರೋತೃಗಳ ಮುಂದೆ ನಾವು ಇಡಬೇಕೆಂದಿರುವುದು ಆ ಪ್ರಶ್ನೆಯನ್ನು.

ಹದಿನೆಂಟರಿಂದ ಇಪ್ಪತ್ತೆರಡು ವರ್ಷದೊಳಗಿನ, ಮಡಿಲಲ್ಲಿ ಒಂದು ಕೂಸುಳ್ಳ ತಾಯಿಯೊಬ್ಬಳನ್ನು ಭಾವಿಸೋಣ. ಆಕೆಯ ಊರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಸದಲಗಾ ಎಂದಿಟ್ಟುಕೊಳ್ಳೋಣ. ಸದಲಗಾ ದೂಧಗಂಗೆಯ ದಡದ ಊರು. ಸುತ್ತ ಕಬ್ಬಿನ ಗದ್ದೆ, ಹತ್ತಿರದಲ್ಲಿಯೇ ಮಹಾರಾಷ್ಟ್ರದ ಗಡಿ. ಇಲ್ಲಿಯ ಜನರು ಕನ್ನಡವನ್ನೂ ಮರಾಠಿಯನ್ನೂ ಸರಾಗವಾಗಿ ಆಡುತ್ತಾರೆ. ಗಡಿಯಾಚೆಯ ಕುರುಂದವಾಡ, ಇಚಲಕರಂಜಿ, ಕೊಲ್ಲಾಪುರಗಳೊಡನೆ ಹೆಣ್ಣು ಕೊಟ್ಟು ತರುವ ಬಳಕೆ ಈ ಸೀಮೆಯಲ್ಲಿ ಹಳೆಯದು. ಕಾಯಿಲೆಯಾದರೆ ಬೆಳಗಾವಿಗೆ ಹೋಗುವಷ್ಟೇ ಸಹಜವಾಗಿ ಮಿರಜಿಗೂ ಸಾಂಗಲಿಗೂ ಹೋಗುವರು. ಭೂಮಿ ನೀರಾವರಿಯದು, ಸಕ್ಕರೆ ಕಾರ್ಖಾನೆಗಳುಂಟು, ಶಾಲೆಗಳುಂಟು. ಬಡತನವೊಂದೇ ಎಲ್ಲಕ್ಕೂ ಕಾರಣವೆಂದು ಹೇಳಿ ಕೈತೊಳೆದುಕೊಳ್ಳಲು ಅವಕಾಶವಿಲ್ಲದ ಪ್ರದೇಶವಾದ್ದರಿಂದಲೇ ಇದನ್ನು ಉದಾಹರಣೆಗೆ ತೆಗೆದುಕೊಂಡಿದ್ದೇವೆ.

ಮೊದಲು ಪೂರ್ವಚರಿತ್ರೆಯನ್ನು ಸ್ವಲ್ಪ ನೋಡೋಣ. ಶ್ರೀಮನ್ಮಹಾರಾಜ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೦ರಲ್ಲಿ ಮೈಸೂರು ಸರ್ಕಾರದವರು ಬೆಂಗಳೂರು ಮೈಸೂರು ನಗರಗಳ ಆಸ್ಪತ್ರೆಗಳಲ್ಲಿ ಸಂತಾನ ನಿಯಮನದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿದರು. ಒಂದು ಸರ್ಕಾರವೇ ಮುಂದೆ ನಿಂತು ಇಂಥ ಕೆಲಸವನ್ನು ಕೈಕೊಂಡುದು ಲೋಕದಲ್ಲಿ ಅದೇ ಮೊದಲೆಂದು ಹೇಳುವುದುಂಟು. ಸದಲಗಾ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರಿನ ಆಜ್ಞೆ ಅಲ್ಲಿಗೆ ಮುಟ್ಟಲಿಲ್ಲ. ಮುಂಬಯಿಯಲ್ಲಿಯಾದರೋ ರಘುನಾಥ ಧೋಂಡೋ ಕರ್ವೆಯವರು ೧೯೨೧ರಲ್ಲಿಯೇ ಒಂದು ಚಿಕಿತ್ಸಾಲಯವನ್ನು ತೆರೆದು, ೧೯೨೭ರಿಂದ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿದರು. ಈ ಕಾರ್ಯಕ್ಕಾಗಿ ಅವರು ಅಧ್ಯಾಪಕವೃತ್ತಿಯನ್ನು ಕಳೆದುಕೊಂಡರು, ಅಶ್ಲೀಲತೆಯ ಆಪಾದನೆಗೆ ಗುರಿಯಾಗಿ ನ್ಯಾಯಾಲಯವನ್ನು ಹತ್ತಿದರು. ೧೯೩೮ರಲ್ಲಿ ಡಾಕ್ಟರ್ ಅಂಬೇಡ್ಕರರ ಪಕ್ಷದವರು ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಮನದ ಪರವಾಗಿ ತಂದ ಗೊತ್ತುವಳಿ ಬಿದ್ದುಹೋಯಿತು. ೧೯೫೨ರಲ್ಲಿ ಭಾರತ ಸರ್ಕಾರ ಇದನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಮಾಡಿತು; ೧೯೫೬ರ ನವೆಂಬರ್ ೧ರಂದು ಚಿಕ್ಕೋಡಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು.

ಆ ಮೊದಲ ವರ್ಷಗಳಲ್ಲಿ ನಡೆದ ಒಂದು ಪ್ರಯೋಗ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಡಾಕ್ಟರ್ ಅಬ್ರಹಾಂ ಸ್ಟೋನ್ ಎಂಬವರು ಬಂದು, ಬೆಂಗಳೂರಿನ ಬಳಿಯ ರಾಮನಗರದಲ್ಲಿಯೂ ದೆಹಲಿಯ ಒಂದು ಬಡಾವಣೆಯಲ್ಲಿಯೂ ದಿನಗಣನೆಯ ಕ್ರಮವನ್ನು ಕಲಿಸುವ ಏರ್ಪಾಡು ಮಾಡಿದರು. ಗರ್ಭ ನಿಲ್ಲುವ ದಿನಗಳಾವುವು, ನಿಲ್ಲದ ದಿನಗಳಾವುವು ಎಂಬುದನ್ನು ತಿಳಿಯಲು ಸ್ತ್ರೀಯರಿಗೆ ಬಣ್ಣಬಣ್ಣದ ಮಣಿಗಳ ಸರವನ್ನು ಕೊಟ್ಟರು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಉಪಾಯ ಸುಲಭವಾಗಿಯೇ ಇತ್ತು. ಫಲ ಮಾತ್ರ ನಿರೀಕ್ಷಿಸಿದಷ್ಟು ದೊರೆಯಲಿಲ್ಲ. ಮಣಿಯನ್ನು ಸರಿಸುವುದು ಹೆಂಡತಿಯ ಕೈಯಲ್ಲಿದ್ದರೂ ‘ಇಂದು ಬೇಡ’ ಎನ್ನುವುದು ಆಕೆಯ ಬಾಯಲ್ಲಿ ಇರದಿದ್ದರೆ ಅಂಥ ಸರದಿಂದ ಪ್ರಯೋಜನವೇನು? ಆಮೇಲೆ ಎಷ್ಟೋ ಹೊಸ ಸಾಧನಗಳು ಬಂದುವು. ಈ ಪ್ರಶ್ನೆ ಮಾತ್ರ ಅಳಿಯಲಿಲ್ಲ.

ಈಗ ಎಳೆಯ ತಾಯಿಯ ನಡೆಯನ್ನು ನಿರ್ಣಯಿಸುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ವಿವಾಹದ ವಯಸ್ಸು. ಮೇಲೆ ಹೇಳಿದ ಸಮೀಕ್ಷೆಯಲ್ಲಿ, ೨೦ರಿಂದ ೨೪ ವರ್ಷದ ಸ್ತ್ರೀಯರ ಪೈಕಿ ರಾಜ್ಯದಲ್ಲಿ ನೂರಕ್ಕೆ ೨೧ ಮಂದಿ ೧೮ ತುಂಬುವ ಮೊದಲೇ ಮದುವೆಯಾಗಿದ್ದವರು. ಅದಕ್ಕೆ ಹಿಂದಿನ ೨೦೧೫–೧೬ರ ಸಮೀಕ್ಷೆಯಲ್ಲಿಯೂ ಪ್ರಮಾಣ ಹೆಚ್ಚುಕಡಮೆ ಇಷ್ಟೇ ಇತ್ತು. ಉತ್ತರದ ಜಿಲ್ಲೆಗಳಲ್ಲಿ ಇದು ದಕ್ಷಿಣಕ್ಕಿಂತ ಹೆಚ್ಚು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ೨೦೧೬ರಲ್ಲಿ ಕರ್ಣಾಟಕದವರು ಮಾಡಿದ ತಿದ್ದುಪಡಿಯಂತೆ ಇಂಥ ಮದುವೆ ಆರಂಭದಿಂದಲೇ ಅಸಿಂಧು. ಕಾನೂನು ಕಠಿನವಾದುದು ಯುಕ್ತವೇ. ಆದರೆ ಅದರ ಒಂದು ಅಡ್ಡಪರಿಣಾಮವನ್ನು ಗಮನಿಸಬೇಕು. ೨೦೧೨ರ ಪೋಕ್ಸೋ ಕಾಯಿದೆಯ ಪ್ರಕಾರ ೧೮ ತುಂಬದ ಹುಡುಗಿ ಗರ್ಭಿಣಿಯಾಗಿ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಈ ಭಯದಿಂದ ಮನೆಯವರು ವಯಸ್ಸನ್ನು ಮರೆಮಾಚುವುದೂ, ತಪಾಸಣೆಗೆ ತಡವಾಗಿ ಬರುವುದೂ ನಡೆಯುತ್ತದೆ. ಎಲ್ಲರಿಗಿಂತ ಹೆಚ್ಚಾಗಿ ಯಾರಿಗೆ ಸಲಹೆ ಬೇಕೋ ಆಕೆಯೇ ಸಲಹೆ ಕೊಡುವವರಿಂದ ದೂರ ಉಳಿಯುತ್ತಾಳೆ.

ಎರಡನೆಯದು, ಮೊದಲ ಮಗುವಿನ ಆತುರ. ಮದುವೆಯಾಗಿ ವರ್ಷ ತಿರುಗುವುದರೊಳಗೆ ಕುಬಸದ ಮಾತು ಬರದಿದ್ದರೆ ಬಂಧುಬಳಗದಲ್ಲಿ ಪ್ರಶ್ನೆ ಏಳುತ್ತದೆ. ‘ಒಂದು ಆಗಿಬಿಡಲಿ, ಆಮೇಲೆ ನೋಡೋಣ’ ಎಂಬುದು ಹಿರಿಯರ ಸಾಮಾನ್ಯವಾದ ಮಾತು. ಮಕ್ಕಳಾಗದ ಸೊಸೆಗೆ ಮನೆಯಲ್ಲಿ ನೆಲೆಯಿಲ್ಲವೆಂಬ ಅಂಜಿಕೆ ಇರುವವರೆಗೆ ಮೊದಲ ಗರ್ಭವನ್ನು ಮುಂದೂಡುವ ಧೈರ್ಯ ಆಕೆಗೆ ಬರುವಂತಿಲ್ಲ. ಮೊದಲನೆಯದು ಹೆಣ್ಣಾದರಂತೂ ಗಂಡಿನ ಆಸೆಯಿಂದ ಎರಡನೆಯದಕ್ಕೆ ಅದೇ ಆತುರ. ನಮ್ಮಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣನ್ನು ಕೊಡುವ ಪದ್ಧತಿಯೂ ಉಂಟಷ್ಟೆ. ಅತ್ತೆಯಾದವಳು ಅಜ್ಜಿಯೋ ಸೋದರತ್ತೆಯೋ ಆಗಿದ್ದರೆ ಪ್ರೀತಿ ಹೆಚ್ಚಿರಬಹುದು. ಆದರೆ ಎತ್ತಿ ಆಡಿಸಿದವರ ಮುಂದೆ ದಾಂಪತ್ಯದ ಮಾತಾಡಲು ನಾಚಿಕೆಯೂ ಅಷ್ಟೇ ಹೆಚ್ಚು.

ಮೂರನೆಯದು ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಮತ್ತು ಅದನ್ನು ಕುರಿತೇ ಜನರು ಅತ್ಯಲ್ಪವಾಗಿ ಯೋಚಿಸಿರುವರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಸಂಪ್ರದಾಯ. ಇದು ಒಳ್ಳೆಯ ಸಂಪ್ರದಾಯ. ಬಾಣಂತಿಗೆ ವಿಶ್ರಾಂತಿ, ತಾಯಿಯ ಆರೈಕೆ, ಗಂಡನಿಂದ ಕೆಲವು ತಿಂಗಳ ಅಗಲಿಕೆ ಮೂರೂ ದೊರೆಯುತ್ತವೆ. ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಮರಳುವಳು. ಈ ಮರಳುವ ಹೊತ್ತೇ ಕವಲುದಾರಿ. ಹೆರಿಗೆಯಾದ ಆಸ್ಪತ್ರೆ ಒಂದು ಊರಿನದು, ಮುಂದೆ ನೋಡಿಕೊಳ್ಳಬೇಕಾದ ಆಶಾ ಕಾರ್ಯಕರ್ತೆ ಇನ್ನೊಂದು ಊರಿನವಳು. ಸದಲಗಾದಂಥ ಕಡೆ ಎರಡು ಊರುಗಳು ಎರಡು ರಾಜ್ಯಗಳಿಗೆ ಸೇರಿರುವುದೂ ಉಂಟು. ತವರಿನ ಆಶಾ ‘ಅವಳು ಹೋಗತಕ್ಕವಳು’ ಎಂದೆಣಿಸುತ್ತಾಳೆ. ಗಂಡನೂರಿನ ಆಶಾ ‘ಇನ್ನೂ ಬಂದಿಲ್ಲ’ ಎಂದೆಣಿಸುತ್ತಾಳೆ. ಹೀಗೆ ಯಾರ ಪುಸ್ತಕದಲ್ಲಿಯೂ ಸರಿಯಾಗಿ ಸೇರದೆ, ಯಾವ ಸಾಧನವೂ ಇಲ್ಲದೆ, ಯಾರ ಬುದ್ಧಿಮಾತೂ ಇಲ್ಲದೆ ಆಕೆ ದಾಂಪತ್ಯಕ್ಕೆ ಹಿಂದಿರುಗುತ್ತಾಳೆ.

ಇದಕ್ಕೆ ಒಂದು ತಪ್ಪು ನಂಬಿಕೆಯೂ ಕೂಡಿಕೊಳ್ಳುತ್ತದೆ. ಮಗು ಹಾಲು ಕುಡಿಯುತ್ತಿರುವವರೆಗೆ, ಮುಟ್ಟು ಬಾರದಿರುವವರೆಗೆ ಗರ್ಭ ನಿಲ್ಲುವುದಿಲ್ಲವೆಂದು ಜನರು ತಿಳಿದಿದ್ದಾರೆ. ಇದರಲ್ಲಿ ಸತ್ಯವಿದೆ, ಆದರೆ ಅದು ಮೂರು ನಿಯಮಗಳಿಗೆ ಒಳಪಟ್ಟ ಸತ್ಯ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲಿರುಳೂ ಎದೆಹಾಲೊಂದನ್ನೇ ಕುಡಿಯುತ್ತಿರಬೇಕು, ಮುಟ್ಟು ಮರಳಿರಬಾರದು. ಮೂರೂ ಕೂಡಿದ್ದರೆ ನೂರಕ್ಕೆ ೯೮ರಷ್ಟು ರಕ್ಷಣೆ ದೊರೆಯುವುದೆಂದು ವೈದ್ಯರು ಒಪ್ಪಿದ್ದಾರೆ. ಒಂದು ತಪ್ಪಿದರೂ ಭರವಸೆ ಇಲ್ಲ. ನಮ್ಮ ಮನೆಗಳಲ್ಲಿ ಕೂಸಿಗೆ ಬಜೆ ನೆಕ್ಕಿಸುವುದು, ಗುಟ್ಟಿ ಹಾಕುವುದು, ಹಸುವಿನ ಹಾಲನ್ನು ಕುಡಿಸುವುದು ಬೇಗನೆ ಮೊದಲಾಗುತ್ತದೆ. ಹೊರಗಿನದು ಹೆಚ್ಚಿದಂತೆ ಮಗು ಎದೆಹಾಲು ಕುಡಿಯುವುದು ಕಡಮೆಯಾಗಿ ಎರಡನೆಯ ನಿಯಮ ಸಡಿಲವಾಗುತ್ತದೆ. ಅದಲ್ಲದೆ, ಅಂಡಾಶಯದಿಂದ ಅಂಡವು ಹೊರಡುವುದು ಮೊದಲು, ಮುಟ್ಟು ಬರುವುದು ಅದಾದ ಸುಮಾರು ಎರಡು ವಾರಗಳ ಮೇಲೆ. ಆದುದರಿಂದ ಹೆರಿಗೆಯ ನಂತರ ಒಮ್ಮೆಯೂ ಮುಟ್ಟಾಗದೆಯೇ ಮತ್ತೆ ಗರ್ಭಿಣಿಯಾಗುವುದು ಸಾಧ್ಯ. ‘ಮುಟ್ಟು ಬಂದ ಮೇಲೆ ದವಾಖಾನೆಗೆ ಹೋದರಾಯಿತು’ ಎಂದು ಕಾಯುವವರು ಅನೇಕ ವೇಳೆ ಹೋಗುವುದು ನಾಲ್ಕನೆಯ ತಿಂಗಳ ಗರ್ಭವನ್ನು ಹೊತ್ತು.

ಹೀಗಾದರೆ ಏನು ಕೇಡೆಂದು ಕೇಳಬಹುದು. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕಡಮೆಯೆಂದರೆ ೨೪ ತಿಂಗಳ ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗರ್ಭವೂ ಹೆರಿಗೆಯೂ ಹಾಲೂಡಿಸುವಿಕೆಯೂ ತಾಯಿಯ ಶರೀರದಿಂದ ಕಬ್ಬಿಣವನ್ನೂ ಇತರ ಸತ್ತ್ವಗಳನ್ನೂ ಸೆಳೆಯುತ್ತವೆ. ಅವು ಮತ್ತೆ ತುಂಬಿಕೊಳ್ಳಲು ಕಾಲ ಬೇಕು. ನಮ್ಮ ರಾಜ್ಯದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲೇ ರಕ್ತಹೀನತೆ. ಹದಿನೆಂಟರ ಹುಡುಗಿಯ ಶರೀರ ತಾನೇ ಇನ್ನೂ ಬೆಳೆಯುತ್ತಿರಬಹುದು. ಅಂತರ ಸಾಲದಾದಾಗ ಅವಧಿಗೆ ಮುನ್ನ ಹೆರಿಗೆ, ತೂಕವಿಲ್ಲದ ಕೂಸು, ಹೆರಿಗೆಯಲ್ಲಿ ಅಪಾಯ ಇವು ಹೆಚ್ಚುತ್ತವೆ. ಮಡಿಲಲ್ಲಿದ್ದ ಮೊದಲ ಮಗುವಿಗೂ ಹಾಲು ಬೇಗನೆ ತಪ್ಪುತ್ತದೆ.

ನಾಲ್ಕನೆಯ ಕಾರಣ ನಮ್ಮ ಸರ್ಕಾರಗಳ ಕ್ರಮದಿಂದಲೇ ಬಂದುದು. ಕರ್ಣಾಟಕದಲ್ಲಿ ವಿವಾಹಿತ ಸ್ತ್ರೀಯರ ಪೈಕಿ ನೂರಕ್ಕೆ ೫೭ ಮಂದಿ ಶಸ್ತ್ರಚಿಕಿತ್ಸೆಯಿಂದ ಸಂತಾನವನ್ನು ನಿಲ್ಲಿಸಿಕೊಂಡವರು. ಉಳಿದ ಸಾಧನಗಳೆಲ್ಲ ಸೇರಿ ನೂರಕ್ಕೆ ಹತ್ತು ಹನ್ನೊಂದು ಮಾತ್ರ. ಭಾರತದಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗುವ ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿ ಇಪ್ಪತ್ತಾರು ವರ್ಷದೊಳಗಿನವರು. ಜನರ ಬಾಯಲ್ಲಿ ‘ಆಪರೇಶನ್’ ಎಂದರೆ ಇದೇ. ಹದಿನೆಂಟಕ್ಕೆ ಮದುವೆ, ಇಪ್ಪತ್ತಕ್ಕೆ ಒಂದು, ಇಪ್ಪತ್ತೊಂದೂವರೆಗೆ ಇನ್ನೊಂದು, ಆಮೇಲೆ ಆಪರೇಶನ್: ಇದು ಈಗಿನ ಸಾಮಾನ್ಯ ಕ್ರಮ. ಸಂಖ್ಯೆಯ ದೃಷ್ಟಿಯಿಂದ ಇದು ಜಯವೆಂದು ಕಾಣಬಹುದು. ಆದರೆ ಅಂತರವಿಡುವುದಕ್ಕೆ ಈ ಸಾಧನ ಬಹಳ ತಡವಾಗಿ ಬಂದಿತು; ಆಯುಷ್ಯದ ದೃಷ್ಟಿಯಿಂದ ಬಹಳ ಬೇಗ ಬಂದಿತು. ನಡುವೆ ಇರುವ ಎರಡು ಮೂರು ವರ್ಷಗಳು, ಯಾವುವು ಅತ್ಯಂತ ಸೂಕ್ಷ್ಮವಾದುವೋ ಅವು, ಬರಿದಾಗಿಯೇ ಉಳಿದುವು.

ಪುರುಷರ ಮಾತೇನು? ಒಂದು ಕಾಲದಲ್ಲಿ ಈ ದೇಶದಲ್ಲಿ ಪುರುಷರ ಶಸ್ತ್ರಚಿಕಿತ್ಸೆಯೇ ಹೆಚ್ಚಾಗಿ ನಡೆಯುತ್ತಿತ್ತು. ತುರ್ತು ಪರಿಸ್ಥಿತಿಯ ೧೯೭೬–೭೭ರ ಒಂದೇ ವರ್ಷದಲ್ಲಿ ೬೦ ಲಕ್ಷಕ್ಕೆ ಮೇಲ್ಪಟ್ಟು ಪುರುಷರಿಗೆ, ಅನೇಕ ಕಡೆ ಬಲಾತ್ಕಾರದಿಂದ, ಅದನ್ನು ಮಾಡಿದರು. ಆ ಕಹಿಯಿಂದ ಪುರುಷರು ಹಿಂದೆ ಸರಿದರು. ಭಾರವೆಲ್ಲ ಸ್ತ್ರೀಯರ ಮೇಲೆ ಬಿದ್ದಿತು. ಈಗ ದೇಶದಲ್ಲಿ ಅದು ಸಾವಿರಕ್ಕೆ ಮೂವರ ದಂಪತಿಗಳಲ್ಲಿ ಮಾತ್ರ. ಕರ್ಣಾಟಕದಲ್ಲಿ ಎಣಿಕೆಗೂ ಸಿಕ್ಕದಷ್ಟು. ಕೊಯ್ಯದೆ ಮಾಡುವ ಹೊಸ ಕ್ರಮವು ಹೆಣ್ಣಿನ ಶಸ್ತ್ರಚಿಕಿತ್ಸೆಗಿಂತ ಸುಲಭವಾದುದು, ಪುರುಷಶಕ್ತಿಗೆ ಕುಂದು ತರುವಂಥದಲ್ಲ. ಆದರೂ ‘ದುಡಿಯುವ ಗಂಡಸಿಗೆ ಅದು ಬೇಡ’ ಎಂದು ಹೇಳುವವರಲ್ಲಿ ಅತ್ತೆಯರೂ ಹೆಂಡಿರೂ ಇದ್ದಾರೆ; ತಾವೂ ಗದ್ದೆಯಲ್ಲಿ ದುಡಿಯುವವರೆಂಬುದನ್ನು ಅವರು ಮರೆಯುತ್ತಾರೆ.

ಐದನೆಯದಾಗಿ, ಸಾಧನಗಳನ್ನು ಕುರಿತ ಅಂಜಿಕೆ. ವಂಕಿ, ಅಂದರೆ ಕಾಪರ್-ಟಿ, ಮೇಲಕ್ಕೇರಿ ಎದೆಗೆ ಹೋಗುವುದೆಂದು ಹೇಳುತ್ತಾರೆ. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲವಾದ್ದರಿಂದ ಇದು ನಿರಾಧಾರ. ಆದರೆ ಎಲ್ಲ ಅಂಜಿಕೆಗಳೂ ಹೀಗೆ ಟೊಳ್ಳಲ್ಲ. ವಂಕಿಯಿಂದ ಮೊದಲ ಕೆಲವು ತಿಂಗಳು ಸ್ರಾವ ಹೆಚ್ಚಬಹುದು. ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರಾ’ ಚುಚ್ಚುಮದ್ದಿನಿಂದ ಸ್ರಾವದ ಕ್ರಮ ತಪ್ಪಬಹುದು. ಮುಟ್ಟಾದ ದಿನಗಳಲ್ಲಿ ಅಡಿಗೆಮನೆ, ದೇವರಮನೆಗಳಿಗೆ ಹೋಗಬಾರದೆಂಬ ಮನೆಯಲ್ಲಿ ಹೇಳದೆ ಕೇಳದೆ ಬರುವ ಸ್ರಾವ ದೊಡ್ಡ ಸಂಕಟವೇ. ಕಾರಣವನ್ನು ಮೊದಲೇ ತಿಳಿಸಿ, ಬೇಡವಾದರೆ ಬೇರೆ ಸಾಧನ ಕೊಡುವೆವೆಂದು ಹೇಳುವ ಸಿಸ್ಟರ್ ಒಬ್ಬರಿದ್ದರೆ ಆಕೆ ನಿಲ್ಲುವಳು; ಇಲ್ಲದಿದ್ದರೆ ಸಾಧನವನ್ನು ಬಿಟ್ಟು, ನೆರೆಯವರಿಗೂ ಬೇಡವೆನ್ನುವಳು.

ಆರನೆಯದು ದುಡಿಮೆಯ ರೀತಿ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಂಗಸರು ೧೯೮೦ರ ಸುಮಾರಿಗೆ ಸಂಘ ಕಟ್ಟಿಕೊಂಡು ಕೂಲಿಗಾಗಿ ಹೋರಾಡಿದ್ದನ್ನು ಅನೇಕರು ಬಲ್ಲರು. ಸ್ವಂತ ಕೂಲಿಯೂ ಜತೆಗಾತಿಯರ ಗುಂಪೂ ಇದ್ದ ಕಡೆ ಮಾತಿಗೂ ಎಡೆಯಿರುತ್ತದೆ. ಕಬ್ಬಿನ ಹಂಗಾಮಿಗೆ ಬೀಡ ಮೊದಲಾದ ಜಿಲ್ಲೆಗಳಿಂದ ಗಡಿಸೀಮೆಗೆ ಬರುವ ತಾಯಂದಿರ ಸ್ಥಿತಿ ಇದಕ್ಕೆ ವಿರುದ್ಧ. ಗುತ್ತಿಗೆ ಗಂಡಹೆಂಡಿರ ಜೋಡಿಗೆ ಆಗುವುದರಿಂದ ಮದುವೆಯೂ ಬೇಗ. ಐದಾರು ತಿಂಗಳು ಗುಡಿಸಲ ವಾಸ, ಯಾವ ಊರಿನ ಪುಸ್ತಕದಲ್ಲಿಯೂ ಹೆಸರಿಲ್ಲ. ಬೀಡದ ಇಂಥ ಸ್ತ್ರೀಯರಲ್ಲಿ ಗರ್ಭಕೋಶವನ್ನೇ ತೆಗೆಸಿಕೊಂಡವರು ಬಹುಮಂದಿ ಇದ್ದಾರೆಂದು ತಿಳಿದುಬಂದು, ಮಹಾರಾಷ್ಟ್ರ ಸರ್ಕಾರ ೨೦೧೯ರಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು.

ಕೊನೆಯದು ಎಲ್ಲರೂ ಬಾಯಿಮುಚ್ಚಿಕೊಳ್ಳುವ ವಿಷಯ: ಗುಹ್ಯರೋಗಗಳು. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಎಚ್.ಐ.ವಿ. ಸೋಂಕು ಅಧಿಕವಾದ ಜಿಲ್ಲೆಗಳ ಸಾಲಿಗೆ ಸೇರಿದ್ದುವು. ಆಗ ಸೋಂಕು ತಗಲಿದ ಗೃಹಿಣಿಯರಲ್ಲಿ ಬಹುಮಂದಿಗೆ ಅದು ಬಂದುದು ಗಂಡನಿಂದಲೇ. ಗರ್ಭಿಣಿಯರಿಗೆ ಈಗ ಎಚ್.ಐ.ವಿ., ಸಿಫಿಲಿಸ್‌ಗಳ ಪರೀಕ್ಷೆ ಮಾಡುವರು; ಗಂಡಂದಿರು ಜತೆಗೆ ಬರುವುದು ಅಪೂರ್ವ. ಬಿಳಿಸೆರಗು, ಉರಿ, ನೋವು ಇವುಗಳನ್ನು ಹೆಣ್ಣಿನ ಹಣೆಬರಹವೆಂದು ಸಹಿಸುವವರು ಬಹಳ. ಗರ್ಭವನ್ನೂ ರೋಗವನ್ನೂ ಒಟ್ಟಿಗೆ ತಡೆಯತಕ್ಕುದು ನಿರೋಧವೊಂದೇ. ಅದನ್ನು ಧರಿಸುವುದು ಬಿಡುವುದು ಗಂಡಸಿನ ಇಚ್ಛೆಗೆ ಸೇರಿದುದು.

ಇನ್ನು ಹಾಲೂಡಿಸುವ ತಾಯಿಗೆ ತಕ್ಕ ಸಾಧನಗಳಾವುವೆಂದು ಸಂಕ್ಷೇಪವಾಗಿ ಹೇಳುತ್ತೇವೆ. ವಂಕಿಯನ್ನು ಹೆರಿಗೆಯಾದ ೪೮ ಗಂಟೆಯೊಳಗೆ ಆಸ್ಪತ್ರೆಯಲ್ಲಿಯೇ ಇಡಬಹುದು, ಇಲ್ಲವೆ ಆರು ವಾರಗಳ ಮೇಲೆ ಇಡಬಹುದು, ಬೇಕಾದಾಗ ತೆಗೆಸಬಹುದು. ‘ಛಾಯಾ’ ಎಂಬ ಮಾತ್ರೆ ಲಖ್ನೋದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ಹುಟ್ಟಿದ್ದು, ಹಾರ್ಮೋನಲ್ಲ, ಎದೆಹಾಲಿಗೆ ತೊಂದರೆಯಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ‘ಅಂತರಾ’ವನ್ನು ಆರು ವಾರಗಳ ಮೇಲೆ ಆರಂಭಿಸಬಹುದು, ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುವುದೆಂಬುದನ್ನು ತಿಳಿದಿರಬೇಕು. ‘ಮಾಲಾ-ಎನ್’ ಮೊದಲಾದ ದಿನನಿತ್ಯದ ಮಾತ್ರೆಗಳು ಹಾಲೂಡಿಸುವವರಿಗೆ ಮೊದಲ ಆರು ತಿಂಗಳು ಸಲ್ಲವು. ಇವೆಲ್ಲವೂ ಸರ್ಕಾರಿ ದವಾಖಾನೆಗಳಲ್ಲಿ ಹಣವಿಲ್ಲದೆ ದೊರೆಯತಕ್ಕವು. ಯಾವುದನ್ನೂ ವೈದ್ಯರನ್ನು ಕೇಳಿಯೇ ಆರಿಸಿಕೊಳ್ಳಬೇಕು.

ಹೀಗೆ ಸಾಧನಗಳಿಗೆ ಬಡತನವಿಲ್ಲ. ಇಲ್ಲದಿರುವುದು, ತವರಿನಿಂದ ಹೊರಡುವ ಮುನ್ನ ಆ ಹುಡುಗಿಯೊಡನೆ ಕೂತು ಮಾತಾಡುವವರು. ಹೆರಿಗೆಯ ಆಸ್ಪತ್ರೆಯಲ್ಲಿ ಏಳನೆಯ ತಿಂಗಳಿಂದಲೇ ಈ ಮಾತು ಮೊದಲಾಗಬೇಕು. ಆರು ವಾರದ ಕೂಸಿಗೆ ಲಸಿಕೆ ಹಾಕಿಸಲು ತಾಯಿ ಬಂದಾಗ ಮತ್ತೊಮ್ಮೆ ಆಗಬೇಕು. ಆಕೆ ಹೊರಡುವ ದಿನ ಗಂಡನೂರಿನ ಆಶಾಗೆ ಸುದ್ದಿ ಮುಟ್ಟಬೇಕು, ಆ ಊರು ಗಡಿಯಾಚೆಯದಾದರೂ ಸರಿಯೆ. ಮಾತು ಮನೆಯಲ್ಲಾಡುವ ಭಾಷೆಯಲ್ಲಿರಬೇಕು. ಮಗಳನ್ನು ಕಳುಹಿಸುವ ತಾಯಿಯೂ, ಕರೆದುಕೊಳ್ಳಲು ಬರುವ ಗಂಡನೂ, ಎದುರುಗೊಳ್ಳುವ ಅತ್ತೆಯೂ ಅದನ್ನು ಕೇಳಿರಬೇಕು. ಏಕೆಂದರೆ ನಿರ್ಣಯ ಈಗ ಇರುವುದು ಅವರ ಕೈಯಲ್ಲಿ.

ಪಟ್ಟಣವಾಸಿಗಳಾದ ನಮ್ಮ ಶ್ರೋತೃಗಳಿಗೂ ಇದರಲ್ಲಿ ಪಾಲಿಲ್ಲದಿಲ್ಲ. ನಮ್ಮ ಮನೆಗಳಲ್ಲಿಯೂ ಮಗಳು ಬಾಣಂತನಕ್ಕೆ ಬರುತ್ತಾಳೆ. ಎಣ್ಣೆನೀರು, ಕಾಯದ ಮದ್ದು, ತೊಟ್ಟಿಲು, ನಾಮಕರಣ ಒಂದೂ ತಪ್ಪದೆ ನಡೆಯುತ್ತದೆ. ಮರಳುವ ಮಗಳಿಗೆ ಸೀರೆ, ಬೆಳ್ಳಿಬಟ್ಟಲುಗಳ ಜತೆಗೆ ಈ ಒಂದು ಬುದ್ಧಿಮಾತನ್ನೂ ಹೇಳಿ, ಅಳಿಯನನ್ನು ಒಮ್ಮೆ ವೈದ್ಯರ ಬಳಿಗೆ ಜತೆಯಲ್ಲಿ ಕಳುಹಿಸಿಕೊಡುವ ಮನೆಗಳು ಎಷ್ಟು ಎಂಬುದನ್ನು ಶ್ರೋತೃಗಳೇ ಎಣಿಸಿ ನೋಡಿಕೊಳ್ಳಬೇಕೆಂದು ಕೇಳಿಕೊಂಡು ಈ ಭಾಷಣವನ್ನು ಮುಗಿಸುತ್ತೇವೆ.